ಲೋಕಲ್ ರೈಲಿನ ದಾರಿಯಲ್ಲಿ ಸಾವಿರ ವರ್ಷದ ಗುಡಿ

ಮುಂಬಯಿ ಕಡೆ ಕೆಲಸ ಮಾಡುವ ನಮ್ಮಂಥವರ ಮನೆಗೆ ಊರಿನಿಂದ ಹಿರಿಯರು ಬಂದರೆ ಮೊದಲ ಭಾನುವಾರ ಗೇಟ್‌ವೇ, ಎರಡನೆಯ ಭಾನುವಾರ ಸಿದ್ಧಿವಿನಾಯಕ ಮತ್ತು ಮಹಾಲಕ್ಷ್ಮಿ. ಅಲ್ಲಿಗೆ ನಮ್ಮ ಪಟ್ಟಿ ಮುಗಿಯುತ್ತದೆ. ಮೂರನೆಯ ಭಾನುವಾರ ಮಾಲ್. ಎಸ್ಕಲೇಟರ್ ಮುಂದೆ ಸೆರಗು ಬಿಗಿಹಿಡಿದು ನಿಂತ ಅಜ್ಜಿ, ಆಟದ ಮಷೀನಿಗೆ ಕಾರ್ಡ್ ರೀಚಾರ್ಜ್ ಮಾಡಿಸು ಎನ್ನುವ ಮಗು, ಫುಡ್ ಕೋರ್ಟಿನಲ್ಲಿ ದೋಸೆಯ ದರ ನೋಡಿ ಸುಮ್ಮನಾಗುವ ಅಜ್ಜ. ಈ ಚಿತ್ರ ಯಾರಿಗೂ ಹೊಸದಲ್ಲ. ನಾಲ್ಕನೆಯ ವಾರಕ್ಕೆ ಹಿರಿಯರು ಊರಿನ ಟಿಕೆಟ್ ವಿಚಾರಿಸಲು ಶುರುಮಾಡುತ್ತಾರೆ. ‘ಇಲ್ಲಿ ನಮಗೇನು ಕೆಲಸ’ ಎಂಬ ಮಾತು ಬರುತ್ತದೆ. ಆ ಮಾತಿಗೆ ನನ್ನ ಬಳಿ ಇರುವ ಉತ್ತರ ಅಂಬರನಾಥ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೆಂಟ್ರಲ್ ಲೈನಿನಲ್ಲಿ ಓಡಾಡುವವರಿಗೆ ಅಂಬರನಾಥ ಎಂದರೆ ಇಂಡಿಕೇಟರಿನಲ್ಲಿ ಕಾಣುವ ‘ಎ’ ಅಕ್ಷರ. ಆ ಲೋಕಲ್ ಹೊರಡುವ ಹೊತ್ತು ಎಲ್ಲರಿಗೂ ಬಾಯಿಪಾಠ. ಊರಿನೊಳಗೆ ಇಳಿದು ನೋಡಿದವರು ಮಾತ್ರ ಕಡಿಮೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಸುಮಾರು 60 ಕಿಲೋಮೀಟರ್. ಕಲ್ಯಾಣದಲ್ಲಿ ಹಳಿ ಎರಡಾಗಿ ಒಡೆದು, ಕರ್ಜತ್ ಕಡೆಗೆ ತಿರುಗಿದ ಮೇಲೆ ವಿಠಲವಾಡಿ, ಉಲ್ಹಾಸನಗರ, ಆಮೇಲೆ ಅಂಬರನಾಥ. ಮುಂದಿನದು ಬದ್ಲಾಪುರ, ನಾನಿರುವುದು ಅಲ್ಲಿ. ಐರೋಳಿಯ ಆಫೀಸಿಗೆ ದಿನಾ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗುವ ನಾನು ಮನೆ ಹುಡುಕುತ್ತ ಹುಡುಕುತ್ತ ಇಷ್ಟು ದೂರ ಬಂದದ್ದಕ್ಕೆ ಕಾರಣ ಬೇರೇನಿಲ್ಲ, ನನ್ನ ಸಂಬಳಕ್ಕೆ ಎರಡು ಬೆಡ್‌ರೂಮು ಸಿಕ್ಕಿದ್ದು ಇಲ್ಲೇ. ಈ ಭಾಗಕ್ಕೆ ಬಂದು ನೆಲೆಸಿದ ಬಹಳ ಮಂದಿಯ ಕಥೆಯೂ ಇಷ್ಟೇ. ಊರನ್ನು ಆರಿಸಿಕೊಂಡು ಯಾರೂ ಬಂದಿಲ್ಲ, ಇಎಂಐ ಕರೆತಂದಿದೆ. ಹಾಗೆ ಬಂದವರಿಗೆ ಊರಿನ ಮೇಲೆ ಕುತೂಹಲ ಹುಟ್ಟಲು ಸಮಯ ಬೇಕಾಗುತ್ತದೆ.

ಅಂಬರನಾಥದ ಪೂರ್ವ ಭಾಗದಲ್ಲಿ, ಸ್ಟೇಷನ್ನಿನಿಂದ ಎರಡು ಕಿಲೋಮೀಟರ್ ಆಸುಪಾಸಿನಲ್ಲಿ, ವಾಲಧುನಿ ಎಂಬ ಸಣ್ಣ ನದಿಯ ದಂಡೆಯ ಮೇಲೆ ಒಂದು ಶಿವನ ಗುಡಿಯಿದೆ. ಆಟೋದವರಿಗೆ ‘ಶಿವಮಂದಿರ’ ಎಂದರೆ ಸಾಕು. ದಾರಿಯುದ್ದಕ್ಕೂ ಮೊಬೈಲ್ ಅಂಗಡಿ, ಕ್ಲಾಸುಗಳ ಬೋರ್ಡು, ಏಳು ಮಹಡಿಯ ಕಟ್ಟಡಗಳು. ಒಂದು ತಿರುವು ದಾಟಿದರೆ ಏಕಾಏಕಿ ಕಪ್ಪು ಕಲ್ಲಿನ ಗುಡಿ. 1060ರಲ್ಲಿ ಮುಗಿದದ್ದು. ನಮ್ಮ ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಅದಕ್ಕಿಂತ 57 ವರ್ಷ ಹಿರಿಯ ಗುಡಿ ಇದು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಆದರೆ ಮ್ಯೂಸಿಯಮ್ ಆಗಿಲ್ಲ. ಇವತ್ತಿಗೂ ನಿತ್ಯ ಪೂಜೆ ನಡೆಯುವ ದೇವಸ್ಥಾನ. ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದರು, ಬೆಳಗಾದ್ದರಿಂದ ಶಿಖರ ಅರ್ಧಕ್ಕೆ ನಿಂತಿತು ಎಂದು ಊರಿನವರು ಹೇಳುತ್ತಾರೆ. ಮಕ್ಕಳಿಗೆ ಮೊದಲು ಈ ಕಥೆ ಹೇಳಿ, ಇತಿಹಾಸ ಆಮೇಲೆ ಹೇಳಬಹುದು.

ಇತಿಹಾಸವೂ ಕಥೆಗಿಂತ ಕಡಿಮೆಯೇನಲ್ಲ. ಉತ್ತರದ ಬಾಗಿಲಿನ ತೊಲೆಗಲ್ಲಿನ ಮೇಲೆ ಒಂದು ಚಿಕ್ಕ ಸಂಸ್ಕೃತ ಶಾಸನವಿದೆ. 19ನೇ ಶತಮಾನದ ಮುಂಬಯಿಯ ವಿದ್ವಾಂಸ ಭಾವು ದಾಜಿ ಅದನ್ನು ಓದಿ ಶಕ ವರ್ಷ 782 ಎಂದರು. ಆಮೇಲೆ ಪಂಡಿತ ಭಗವಾನಲಾಲ್ ಇಂದ್ರಜಿ ಮತ್ತೆ ಓದಿ, ಮೊದಲ ಅಂಕಿ 7 ಅಲ್ಲ 9, ಅಂದರೆ ಶಕ 982 ಎಂದರು. ಒಂದು ಅಂಕಿಯ ವ್ಯತ್ಯಾಸಕ್ಕೆ ಗುಡಿಯ ವಯಸ್ಸಿನಲ್ಲಿ 200 ವರ್ಷ ಏರುಪೇರು. ನಮ್ಮ ಕೆಲಸದಲ್ಲಿ ಇಂಥದ್ದಕ್ಕೆ ರಾತ್ರಿಯೆಲ್ಲ ಕೂರಿಸುತ್ತಾರೆ. ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ದೊರೆ ಮಮ್ಮುಣಿಯ ಕಾಲದ ಶಾಸನ ಇದು. ಅವನ ಅಣ್ಣ ಛಿತ್ತರಾಜನ ಹೆಸರೂ ಅದರಲ್ಲಿದೆ. ಅಣ್ಣನ ಕಾಲದಲ್ಲಿ ಶುರುವಾದ ಕೆಲಸವನ್ನು ತಮ್ಮ ಮುಗಿಸಿದ ಎಂದು ವಿದ್ವಾಂಸರು ಅರ್ಥ ಮಾಡಿದ್ದಾರೆ.

ಈ ಶಿಲಾಹಾರರ ವಿಚಾರ ಬಂದಾಗ ನಾವು ಕನ್ನಡಿಗರು ಸ್ವಲ್ಪ ಕಿವಿ ನಿಮಿರಿಸಬೇಕು. ಇವರು ಮೊದಲಿಗೆ ಮಾನ್ಯಖೇಟದ ರಾಷ್ಟ್ರಕೂಟರ ಮಾಂಡಲಿಕರು. ಮಾನ್ಯಖೇಟ ಎಂದರೆ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ. ಮುಂಬಯಿಯ ಬೋರಿವಲಿ ಅಭಯಾರಣ್ಯದೊಳಗಿನ ಕನ್ಹೇರಿ ಗುಹೆಗಳಲ್ಲಿ 843ರ ಒಂದು ಶಾಸನವಿದೆ. ಅದರಲ್ಲಿ ಚಕ್ರವರ್ತಿಯಾಗಿ ಅಮೋಘವರ್ಷನ ಹೆಸರು, ಅವನ ಕೈಕೆಳಗೆ ಕೊಂಕಣವನ್ನು ನೋಡಿಕೊಳ್ಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿಯ ಹೆಸರು. ಶಾಲೆಯಲ್ಲಿ ‘ಕವಿರಾಜಮಾರ್ಗ’ದ ಜೊತೆ ಬಾಯಿಪಾಠ ಮಾಡಿದ್ದೆವಲ್ಲ, ಅದೇ ಅಮೋಘವರ್ಷ ನೃಪತುಂಗ. ಶಿಲಾಹಾರರು ತಮ್ಮನ್ನು ‘ತಗರಪುರ’ದವರು ಎಂದು ಕರೆದುಕೊಳ್ಳುತ್ತಿದ್ದರು, ಅದು ಧಾರಾಶಿವ ಜಿಲ್ಲೆಯ ಈಗಿನ ತೇರ್. ವಪ್ಪುವನ್ನ, ಗೊಗ್ಗಿ ಮುಂತಾದ ಹೆಸರುಗಳು, ‘ಗಂಡ’ ಎಂದು ಮುಗಿಯುವ ಬಿರುದುಗಳು ಇವನ್ನೆಲ್ಲ ನೋಡಿ ಇವರ ಮನೆಮಾತು ಕನ್ನಡವಾಗಿತ್ತು ಎಂದು ಹೇಳಿದ ಇತಿಹಾಸಕಾರರಿದ್ದಾರೆ. ಇವರದೇ ಇನ್ನೊಂದು ಶಾಖೆಯಾದ ಕೊಲ್ಲಾಪುರದ ಶಿಲಾಹಾರರಂತೂ ಕನ್ನಡದಲ್ಲೇ ಶಾಸನ ಹಾಕಿಸಿದ್ದಾರೆ.

ಇಷ್ಟು ಹೇಳಿ ‘ಹಾಗಾದರೆ ಈ ಗುಡಿ ನಮ್ಮದು’ ಎಂದು ವಾಟ್ಸಾಪ್ ಗುಂಪಿನಲ್ಲಿ ಎದೆ ತಟ್ಟಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿನ ಶಾಸನ ಸಂಸ್ಕೃತದ್ದು, ಪೂಜೆ ಮಾಡುವವರು, ಜಾತ್ರೆ ನಡೆಸುವವರು ಮರಾಠಿಗರು, ಕಟ್ಟಡದ ಶೈಲಿಯ ನಂಟು ಮಾಳವದ ಕಡೆಗೆ. ಅಂದಿನವರಿಗೆ ನಮ್ಮ ಈಗಿನ ರಾಜ್ಯದ ಗಡಿಗಳು ಗೊತ್ತೂ ಇರಲಿಲ್ಲ. ಆದರೂ ಪರಸ್ಥಳದಲ್ಲಿ ಹುಟ್ಟಿ ಬೆಳೆಯುತ್ತಿರುವ ಮಗುವಿಗೆ, ನಾವು ಇಲ್ಲಿಗೆ ಬಂದ ಮೊದಲಿಗರಲ್ಲ, ನಮ್ಮ ಕಡೆಯವರು ಸಾವಿರ ವರ್ಷದ ಹಿಂದೆಯೇ ಇಲ್ಲೆಲ್ಲ ಓಡಾಡಿದ್ದರು ಎಂದು ಕಲ್ಲು ಮುಟ್ಟಿಸಿ ಹೇಳಲು ಒಂದು ಜಾಗ ಸಿಕ್ಕರೆ ಬಿಡಬಾರದು.

ನನ್ನ ಅವ್ವ ಗದಗಿನವರು. ಲಕ್ಕುಂಡಿ ಅವರಿಗೆ ತವರುಮನೆಯ ದಾರಿಯಲ್ಲಿ ಬರುವ ಊರು. ಅಂಬರನಾಥದ ಗುಡಿಯ ಗೋಡೆಯ ಮುಂದೆ ನಿಂತವರು ಐದು ನಿಮಿಷ ಮಾತಾಡಲಿಲ್ಲ. ಆಮೇಲೆ, “ತಮ್ಮಾ, ಇದು ನಮ್ಮ ಲಕ್ಕುಂಡಿ ಗುಡಿ ಹಂಗ ಕಾಣತೈತಿ, ಆದರ ಹಂಗಿಲ್ಲ ನೋಡು” ಎಂದರು. ಇದಕ್ಕಿಂತ ಚೆನ್ನಾಗಿ ಇದನ್ನು ಹೇಳಲು ನನಗೂ ಬರುವುದಿಲ್ಲ. ಲಕ್ಕುಂಡಿಯದು ಬಳಪದ ಕಲ್ಲು, ಮೆತ್ತಗಿನದು, ಉಳಿ ಇಟ್ಟರೆ ಸೂಜಿಯಷ್ಟು ಸೂಕ್ಷ್ಮ ಕೆತ್ತನೆ ಏಳುತ್ತದೆ. ಇಲ್ಲಿಯದು ಸಹ್ಯಾದ್ರಿಯ ಕಪ್ಪು ಬಸಾಲ್ಟ್, ಜ್ವಾಲಾಮುಖಿಯ ಕಲ್ಲು, ಗಟ್ಟಿ. ಅದರಲ್ಲಿ ಇಷ್ಟು ಕೆತ್ತಿದ್ದಾರೆ ಎಂಬುದೇ ಬೆರಗು. ಮಳೆ ಗಾಳಿಗೆ ಹೊರಮೈ ಸವೆದು ಎಷ್ಟೋ ಮುಖಗಳು ಮಾಸಿವೆ. ನಮ್ಮ ಹೊಯ್ಸಳ ಗುಡಿಗಳಂತೆ ಕ್ಯಾಮೆರಾಗೆ ಕೂಡಲೇ ಹೊಳೆಯುವುದಿಲ್ಲ. ಬೆಳಗಿನ ಓರೆ ಬಿಸಿಲು ಬಿದ್ದಾಗ ಹತ್ತಿರ ಹೋಗಿ ನೋಡಬೇಕು.

ಈ ಶೈಲಿಗೆ ಭೂಮಿಜ ಎಂದು ಹೆಸರು. ಶಿಖರದ ನಾಲ್ಕು ದಿಕ್ಕಿಗೆ ಒಂದೊಂದು ಉದ್ದನೆಯ ಪಟ್ಟಿ, ಆ ಪಟ್ಟಿಗಳ ನಡುವೆ ಸಾಲುಸಾಲಾಗಿ ಪುಟಾಣಿ ಶಿಖರಗಳು, ಮಣಿ ಪೋಣಿಸಿದ ಹಾಗೆ. ಮಧ್ಯಪ್ರದೇಶದ ಉದಯಪುರದ ಉದಯೇಶ್ವರ, ನಾಸಿಕ್ ಹತ್ತಿರ ಸಿನ್ನರಿನ ಗೊಂಡೇಶ್ವರ ಇದೇ ಕುಟುಂಬದವು. ಬೇಲೂರಿಗೆ ಹೋದಾಗ ಮುಖ್ಯ ಗುಡಿಯ ಮೆಟ್ಟಿಲುಗಳ ಅಕ್ಕಪಕ್ಕ ನಿಂತಿರುವ ಪುಟ್ಟ ಗುಡಿಗಳನ್ನು ಗಮನಿಸಿ. ಅವುಗಳ ಶಿಖರಗಳೂ ಭೂಮಿಜ ಮಾದರಿಯವೇ. ಅಂಬರನಾಥದಲ್ಲಿ ಶಿಖರದ ಮೇಲ್ಭಾಗ ಇಲ್ಲ. ಹಾಗಾಗಿ ಗರ್ಭಗುಡಿಯ ಮೇಲೆ ತೆರೆದ ಆಕಾಶ.

ಮಂಟಪದಿಂದ ಗರ್ಭಗುಡಿಗೆ ಏರುವುದಿಲ್ಲ, ಇಳಿಯಬೇಕು. ಸುಮಾರು 20 ಮೆಟ್ಟಿಲು, ಕಡಿದು, ನುಣುಪು, ನೀರು ಬಿದ್ದು ಒದ್ದೆ. ಮಂಡಿನೋವಿನ ಹಿರಿಯರಿದ್ದರೆ ಇದನ್ನು ಮೊದಲೇ ಹೇಳಿ ಕರೆದೊಯ್ಯಿರಿ. ಅವ್ವ ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಗಲಿಗೆ ಇಟ್ಟು ಇಳಿದರು. ಇಳಿಯಲಾಗದವರಿಗೂ ಬೇಸರವಿಲ್ಲ, ಮೇಲಿನ ಮಂಟಪವೇ ಅರ್ಧ ಗಂಟೆ ಹಿಡಿಯುತ್ತದೆ. ನಡುವಿನ ನಾಲ್ಕು ಕಂಬಗಳ ಮೇಲೆ ಬುಡದಿಂದ ತುದಿಯವರೆಗೆ ಕೆತ್ತನೆ, ಮೇಲೆ ಬಟ್ಟಲು ಕವುಚಿಟ್ಟಂಥ ಚಾವಣಿ. ಕಂಬಕ್ಕೆ ಒರಗಿ ಕುಳಿತರೆ ಏಪ್ರಿಲ್‌ನಲ್ಲೂ ತಂಪು. 1868ರಲ್ಲಿ ಸರಕಾರ ಮುಂಬಯಿ ಕಲಾಶಾಲೆಯ ತಂಡವನ್ನು ಇಲ್ಲಿಗೆ ಕಳಿಸಿ ಈ ಶಿಲ್ಪಗಳ ಚಿತ್ರ ಬರೆಸಿ, ಅಚ್ಚು ತೆಗೆಸಿತ್ತು. ಆ ಹುಡುಗರೂ ಮಧ್ಯಾಹ್ನದ ಬಿಸಿಲಿಗೆ ಇಲ್ಲೇ ಎಲ್ಲೋ ಒರಗಿರಬೇಕು ಎಂದು ನನಗೆ ಅನಿಸುತ್ತದೆ.

ಮಕ್ಕಳಿಗೆ ಕೆಲಸ ಕೊಡುವುದು ಗೋಡೆಯ ತಳಭಾಗ. ಅಲ್ಲಿ ಪಟ್ಟಿಪಟ್ಟಿಯಾಗಿ ಕೀರ್ತಿಮುಖಗಳು, ಆನೆಗಳು, ಮನುಷ್ಯರು. ಎಲ್ಲ ಅವರ ಕಣ್ಣಿನ ಎತ್ತರಕ್ಕೇ ಇವೆ. ಆರು ವರ್ಷದ ನನ್ನ ಮಗಳು ಆನೆ ಎಣಿಸುತ್ತ ಹೋದಳು. ಅವಳ ಶಾಲೆಯಲ್ಲಿ, ಬಿಲ್ಡಿಂಗಿನಲ್ಲಿ ಎಲ್ಲ ಮರಾಠಿ. “ಅಜ್ಜಿ, ಕಿತೀ ಹತ್ತಿ ನೋಡು!” ಎಂದು ಕೂಗಿದಳು. ಅವ್ವ ಗದಗಿನ ಎರೆಹೊಲದವರು, ಅವರಿಗೆ ಹತ್ತಿ ಎಂದರೆ ಹೊಲದಲ್ಲಿ ಬಿಡಿಸುವ ಹತ್ತಿ. “ಕಲ್ಲಾಗ ಎಲ್ಲೈತೆ ಹತ್ತಿ, ಯವ್ವಾ?” ಎಂದು ಕನ್ನಡಕ ಏರಿಸಿಕೊಂಡು ಹುಡುಕತೊಡಗಿದರು. ಮರಾಠಿಯ ಹತ್ತಿಗೆ ಸೊಂಡಿಲಿದೆ, ನಮ್ಮ ಹತ್ತಿಗೆ ಬೀಜವಿದೆ ಎಂದು ಇಬ್ಬರಿಗೂ ಬಿಡಿಸಿ ಹೇಳುವಷ್ಟರಲ್ಲಿ ಪಕ್ಕದಲ್ಲಿದ್ದ ಒಬ್ಬ ಮರಾಠಿ ಆಜಿಯೂ ನಗುತ್ತಿದ್ದರು. ಆಮೇಲೆ ಗುಡಿಯ ಸುತ್ತ ಒಂದು ಸುತ್ತು ಅಜ್ಜಿ ಮೊಮ್ಮಗಳಿಬ್ಬರೇ ಹೋದರು. ಯಾವುದು ನರಸಿಂಹ, ಯಾವುದು ಮಹಿಷಮರ್ದಿನಿ, ಕೈಯಲ್ಲಿ ಏನಿದ್ದರೆ ಯಾವ ದೇವರು ಎಂದು ಅವ್ವನಿಗೆ ಯಾರೂ ಪುಸ್ತಕದಿಂದ ಕಲಿಸಿಲ್ಲ. ಮನೆಯಲ್ಲಿ ಟಿವಿ ರಿಮೋಟಿಗೂ ಲಿಫ್ಟಿನ ಬಟನ್ನಿಗೂ ಮೊಮ್ಮಗಳನ್ನೇ ಕರೆಯುವ ಅಜ್ಜಿ ಇಲ್ಲಿ ಎಲ್ಲ ಬಲ್ಲವರು. ಹಿರಿಯರನ್ನು ಮಾಲಿಗೆ ಕರೆದೊಯ್ದಾಗ ಅವರು ನಮ್ಮ ಹಿಂದೆ ಬರುತ್ತಾರೆ. ಇಲ್ಲಿ ನಾವು ಅವರ ಹಿಂದೆ ಹೋದೆವು.

ಇನ್ನು ಆ ನದಿ. ಗುಡಿಯ ಮಗ್ಗುಲಲ್ಲೇ ಹರಿಯುವ ವಾಲಧುನಿ ಮಲಂಗಗಡದ ಬೆಟ್ಟಗಳ ಕಡೆಯಿಂದ ಇಳಿದು ಬರುತ್ತದೆ. ಅಂಬರನಾಥ, ಉಲ್ಹಾಸನಗರ ದಾಟಿ ಕಲ್ಯಾಣದ ಬಳಿ ಉಲ್ಹಾಸ್ ನದಿಗೆ ಸೇರುತ್ತದೆ. ಗುಡಿ ಕಟ್ಟಿದವರು ಜಾಗ ಆರಿಸಿದ್ದೇ ಈ ನೀರನ್ನು ನೋಡಿ ಇರಬೇಕು. ಈಗ ಮಳೆಗಾಲ ಬಿಟ್ಟರೆ ಅದು ನೀರಿನ ಬಣ್ಣದಲ್ಲಿ ಇರುವುದು ಅಪರೂಪ. ಕಾರ್ಖಾನೆಗಳ ರಾಸಾಯನಿಕ, ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕೊಳೆ, ಊರಿನ ಚರಂಡಿ ಎಲ್ಲ ಸೇರಿದೆ. ವನಶಕ್ತಿ ಎಂಬ ಪರಿಸರ ಸಂಸ್ಥೆ ಉಲ್ಹಾಸ್ ಮತ್ತು ವಾಲಧುನಿಗಳ ಮಾಲಿನ್ಯದ ವಿರುದ್ಧ ಹಸಿರು ನ್ಯಾಯಮಂಡಳಿಗೆ ಹೋಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಾಸನೆ ಇನ್ನೂ ಇದೆ. ಗಾಳಿ ಆ ಕಡೆಯಿಂದ ಬೀಸಿದರೆ ಮಂಟಪದಲ್ಲಿ ಕುಳಿತವರಿಗೂ ಗೊತ್ತಾಗುತ್ತದೆ.

ಮಗಳು ನೀರಿನ ಹತ್ತಿರ ಹೋಗಬೇಕೆಂದಳು, ಬೇಡ ಎಂದೆವು. ಯಾಕೆ ಎಂದು ಕೇಳಿದಳು. ಸಾವಿರ ವರ್ಷದ ಗುಡಿಯನ್ನು ಯಾರು ಕಟ್ಟಿದರು ಎಂಬ ಪ್ರಶ್ನೆಗೆ ನನ್ನಲ್ಲಿ ಹೆಸರು, ಇಸವಿ ಎಲ್ಲ ಇತ್ತು. ನದಿಯನ್ನು ಹೀಗೆ ಮಾಡಿದವರು ಯಾರು ಎಂಬುದಕ್ಕೆ ಅವಳಿಗೆ ಏನು ಹೇಳುವುದು? ಅವಳು ಹಾಕಿಕೊಂಡಿದ್ದ ಜೀನ್ಸ್ ಎಲ್ಲಿ ತೊಳೆದು ಬಣ್ಣ ಹಾಕಿದ್ದೋ. ಗುಡಿಯ ಸುತ್ತಮುತ್ತಲನ್ನು ಚಂದ ಮಾಡುವ ಕೆಲಸಗಳು ನಡೆದಿವೆ. ಶಿವಮಂದಿರ ಆರ್ಟ್ ಫೆಸ್ಟಿವಲ್ ಎಂದು ದೊಡ್ಡ ಸಂಗೀತ, ಕಲೆಯ ಉತ್ಸವವೂ ಆಗುತ್ತದೆ. ಒಳ್ಳೆಯದೇ. ಆದರೆ ಕಲ್ಲಿನ ಘಾಟು ಕಟ್ಟುವುದಕ್ಕಿಂತ ಮೊದಲು ಆ ನೀರಿನಲ್ಲಿ ಮಗುವೊಂದು ಕಾಲು ಇಳಿಬಿಟ್ಟು ಕೂರುವಂತಾಗಬೇಕು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಮನೆ ಕೊಂಡು ತೆರಿಗೆ ಕಟ್ಟುವ ನಾವು ಭಾಷೆ ಬೇರೆ ಎಂದು ಈ ವಿಷಯದಲ್ಲಿ ಸುಮ್ಮನಿರುವುದರಲ್ಲಿ ಅರ್ಥವಿಲ್ಲ. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಪಾರ್ಕಿಂಗ್ ಬಿಟ್ಟು ಬೇರೆ ಮಾತೆತ್ತಿದರೆ ಜನ ಗಡಿಯಾರ ನೋಡುತ್ತಾರೆ, ಅದು ನಿಜ. ಆದರೂ ಎತ್ತಬೇಕು.

ಗುಡಿಯಾದ ಮೇಲೆ ಊರಿನಲ್ಲಿ ನೋಡಲು ಏನಿದೆ ಎಂದರೆ, ಪ್ರವಾಸಿ ತಾಣ ಎಂದು ಕರೆಯುವಂಥದ್ದು ಹೆಚ್ಚಿಲ್ಲ. ಆರ್ಡ್‌ನೆನ್ಸ್ ಫ್ಯಾಕ್ಟರಿಯ ಹಸಿರು ಆವರಣ ಹೊರಗಿನಿಂದ ಚೆಂದ, ಒಳಗೆ ಬಿಡುವುದಿಲ್ಲ. ನನ್ನ ಅಪ್ಪನಿಗೆ ಮಾತ್ರ ಇಲ್ಲಿ ಒಂದು ಬೋರ್ಡು ಗುಡಿಗಿಂತ ಹೆಚ್ಚು ಖುಷಿ ಕೊಟ್ಟಿತು. ‘ವಿಮ್ಕೋ ನಾಕಾ’. ಆಟೋದಲ್ಲಿ ಆ ಹೆಸರು ಕೇಳಿದವರೇ, “ಇದು ಬೆಂಕಿಪೊಟ್ಟಣದ ವಿಮ್ಕೋ ಏನು?” ಎಂದರು. ಹೌದು, ಅದೇ. ಸ್ವೀಡನ್ನಿನ ಬೆಂಕಿಕಡ್ಡಿ ಕಂಪನಿ 1920ರ ದಶಕದಲ್ಲಿ ಶುರುಮಾಡಿದ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿಯ ಕಾರ್ಖಾನೆ ಈ ಊರಿನಲ್ಲಿತ್ತು. ನಮ್ಮ ಅಡುಗೆಮನೆಗಳಲ್ಲಿ ಗ್ಯಾಸ್ ಲೈಟರ್ ಬರುವ ಮೊದಲು ಎಷ್ಟು ಒಲೆ ಹೊತ್ತಿಸಿತೋ ಆ ಕಂಪನಿ. ಕಾರ್ಖಾನೆ ಹೋಯಿತು, ನಾಕಾದ ಹೆಸರು ಉಳಿಯಿತು. ನಿವೃತ್ತ ಮೇಷ್ಟರಾದ ಅಪ್ಪ ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದ ಚಿತ್ರಗಳನ್ನು ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದರಂತೆ. ನಾನು ಅವರ ಮಗನಾಗಿ ಮೂವತ್ತು ವರ್ಷ ಕಳೆದ ಮೇಲೆ ಈ ಸಂಗತಿ ಮೊದಲ ಬಾರಿ ಕೇಳಿದ್ದು, ಅದೂ ಶೇರ್ ಆಟೋದಲ್ಲಿ.

ಹೋಗುವ ಹಾದಿಯ ಕಲ್ಯಾಣದ ಬಗ್ಗೆಯೂ ಒಂದು ಮಾತು. ಸ್ಟೇಷನ್ ಬೋರ್ಡು ಕಂಡ ಕೂಡಲೇ ನಮ್ಮ ಉತ್ತರ ಕರ್ನಾಟಕದ ಹಿರಿಯರು ಕೈಮುಗಿಯುತ್ತಾರೆ, ಬಸವಣ್ಣನವರ ಕಲ್ಯಾಣವೆಂದು. ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ, ಇದು ಬೇರೆ. ಇದು ಕ್ರಿಸ್ತಶಕದ ಆರಂಭದ ಕಾಲದಿಂದಲೂ ಹಡಗು ಬರುತ್ತಿದ್ದ ಹಳೆಯ ಬಂದರು. ಇಲ್ಲಿನ ವ್ಯಾಪಾರಿಗಳು ಕನ್ಹೇರಿಯ ಗುಹೆಗಳಿಗೆ ದಾನ ಕೊಟ್ಟ ಶಾಸನಗಳಿವೆ. ಸಮಯವಿದ್ದರೆ ಖಾಡಿಯ ದಂಡೆಯ ದುರ್ಗಾಡಿ ಕೋಟೆಗೆ ಹೋಗಿಬರಬಹುದು. 1657ರಲ್ಲಿ ಶಿವಾಜಿ ಮಹಾರಾಜರ ಕೈಗೆ ಬಂದ ಊರು ಇದು. ಕೋಟೆಯೆಂದು ದೊಡ್ಡ ನಿರೀಕ್ಷೆ ಬೇಡ, ಸಂಜೆಯ ಗಾಳಿಗೆ ಹೋಗಿ. ಹೆಣ್ಣುಮಕ್ಕಳಿರುವ ಮನೆಯವರು ಇನ್ನೊಂದು ವಿಷಯ ಹೇಳಬಹುದು: ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರಾದ ಆನಂದಿಬಾಯಿ ಜೋಶಿ ಹುಟ್ಟಿದ್ದು 1865ರಲ್ಲಿ, ಇದೇ ಕಲ್ಯಾಣದಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1886ರಲ್ಲಿ ಪದವಿ, ಮರುವರ್ಷವೇ ಸಾವು. ಆಗ ಅವರಿಗೆ 22 ತುಂಬಿರಲಿಲ್ಲ.

ನಮ್ಮ ಬದ್ಲಾಪುರದಲ್ಲಿ ಜೂನ್ ತಿಂಗಳ ನೇರಳೆಹಣ್ಣು ಹೆಸರುವಾಸಿ. ಮರಾಠಿಯಲ್ಲಿ ಜಾಂಭೂಳ್. ಬುಟ್ಟಿಯಲ್ಲಿ ಎಲೆ ಹಾಸಿಕೊಂಡು ಸುತ್ತಲಿನ ಹಳ್ಳಿಯ, ಆದಿವಾಸಿ ಪಾಡಾಗಳ ಹೆಂಗಸರು ಸ್ಟೇಷನ್ ಹೊರಗೆ ಕೂತಿರುತ್ತಾರೆ. ಚೌಕಾಸಿ ಮಾಡಬೇಡಿ, ಮರ ಹತ್ತಿ ಒಂದೊಂದೇ ಕಿತ್ತು ತಂದ ಹಣ್ಣು ಅದು. ಹಿಂದೆ ಇಲ್ಲಿ ಸೈನ್ಯದ ಕುದುರೆಗಳನ್ನು ಬದಲಿಸುತ್ತಿದ್ದರು, ಅದಕ್ಕೇ ಬದ್ಲಾಪುರ ಎಂಬ ಹೇಳಿಕೆಯೂ ಇದೆ. ನಿಜವೋ ಕಟ್ಟುಕಥೆಯೋ, ಮಕ್ಕಳು ಒಪ್ಪುತ್ತಾರೆ.

ಆದರೆ ಮಳೆಗಾಲದ ಕೊಂಡೇಶ್ವರದ ಬಗ್ಗೆ ನಾನು ಬೇರೆ ಧಾಟಿಯಲ್ಲೇ ಹೇಳಬೇಕು. ಬದ್ಲಾಪುರದಿಂದ ಸ್ವಲ್ಪ ದೂರದಲ್ಲಿ ಬೆಟ್ಟದ ಬುಡದ ಶಿವನ ಗುಡಿ, ಪಕ್ಕದಲ್ಲೇ ಜಲಪಾತ, ಕೆಳಗೆ ಬಂಡೆಗಳ ನಡುವೆ ಆಳದ ಮಡು. ಫೋಟೋದಲ್ಲಿ ಸ್ವರ್ಗ. ಮಳೆಗಾಲದ ಪತ್ರಿಕೆಗಳಲ್ಲಿ ಇಲ್ಲಿ ಮುಳುಗಿ ಸತ್ತವರ ಸುದ್ದಿ ಮತ್ತೆ ಮತ್ತೆ ಬರುತ್ತದೆ, ಹೆಚ್ಚಿನವರು ಮುಂಬಯಿಯಿಂದ ಬಂದ ಇಪ್ಪತ್ತರ ಹುಡುಗರು. ಮೇಲೆ ಬೆಟ್ಟದಲ್ಲಿ ಮಳೆ ಸುರಿದರೆ ಕೆಳಗೆ ಬಿಸಿಲಿದ್ದರೂ ನೀರು ಹಠಾತ್ತನೆ ಏರುತ್ತದೆ. ಪಾಚಿಗಟ್ಟಿದ ಬಂಡೆಯ ಮೇಲೆ ಕಾಲು ನಿಲ್ಲುವುದಿಲ್ಲ. ಜಿಲ್ಲಾಡಳಿತ ಮಳೆಗಾಲದಲ್ಲಿ ಇಂಥ ಜಾಗಗಳಿಗೆ ನಿರ್ಬಂಧ ಹಾಕುತ್ತದೆ, ಜನ ಹಿಂದಿನ ಕಾಲುದಾರಿ ಹುಡುಕುತ್ತಾರೆ. ಆಫೀಸಿನ ಹುಡುಗರು ‘ನಿಮ್ಮೂರಲ್ಲಿ ವಾಟರ್‌ಫಾಲ್ ಇದೆಯಂತೆ, ಜುಲೈನಲ್ಲಿ ಬರ್ತೀವಿ’ ಎಂದರೆ ನಾನು ಬನ್ನಿ, ಮನೆಗೆ ಬನ್ನಿ, ಬಿಸಿ ಗಿರಮಿಟ್ ಮಾಡಿಸುತ್ತೇನೆ ಎನ್ನುತ್ತೇನೆ, ಮಡುವಿಗೆ ಕರೆದೊಯ್ಯುವುದಿಲ್ಲ. ಮಳೆ ನಿಂತು, ಅಕ್ಟೋಬರ್ ಕೊನೆಗೆ ನೀರು ತೆಳುವಾದ ಮೇಲೆ ಮಕ್ಕಳನ್ನು ಕರೆದುಕೊಂಡು ಗುಡಿಗೆ ಹೋಗಿ ಬನ್ನಿ. ಬುತ್ತಿ ಒಯ್ದರೆ ಅರ್ಧ ದಿನ ಹೋಗುವುದೇ ತಿಳಿಯುವುದಿಲ್ಲ.

ಈ ಭಾಗದ ನೀರಿನ ಸ್ವಭಾವ ಕೊಲ್ಲಾಪುರದ ದಾರಿಯವರಿಗೆ ನೆನಪಿರಬಹುದು. 2019ರ ಜುಲೈ 27ರಂದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಕ್ಕಿಹಾಕಿಕೊಂಡದ್ದು ಬದ್ಲಾಪುರ ಮತ್ತು ವಾಂಗಣಿ ನಡುವೆ, ಉಕ್ಕಿದ ಉಲ್ಹಾಸ್ ನದಿಯ ನೀರಿನಲ್ಲಿ. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ದಡ ಸೇರಿಸಬೇಕಾಯಿತು. ನಿಪ್ಪಾಣಿ, ಚಿಕ್ಕೋಡಿ ಕಡೆಗೆ ಹೋಗುವ ನಮ್ಮವರೂ ಹತ್ತುವ ಗಾಡಿ ಅದು. ಎಲ್ಲರೂ ಸುರಕ್ಷಿತವಾಗಿ ಇಳಿದರು, ಹತ್ತಿರದ ಹಳ್ಳಿಗಳ ಜನ ಚಹಾ, ಬಿಸ್ಕತ್ತು ಹಿಡಿದು ನೆರವಿಗೆ ಬಂದಿದ್ದರು.

ಹೋಗುವವರಿಗೆ ಕೆಲವು ಕೆಲಸದ ಮಾತು. ಭಾನುವಾರ ಸೆಂಟ್ರಲ್ ರೈಲ್ವೆಯ ಮೆಗಾ ಬ್ಲಾಕ್ ಯಾವ ಕಡೆ ಎಂದು ಶನಿವಾರ ರಾತ್ರಿಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಹಿರಿಯರನ್ನು ಪ್ಲಾಟ್‌ಫಾರ್ಮಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಬೇಕಾಗುತ್ತದೆ. ಸಾಧ್ಯವಿದ್ದರೆ ಶನಿವಾರವೇ ಹೋಗಿ. ಸೋಮವಾರ ಭಕ್ತರ ದಟ್ಟಣೆ, ಶ್ರಾವಣ ಸೋಮವಾರ ಇನ್ನೂ ಹೆಚ್ಚು. ಶಿವರಾತ್ರಿಯಂದು ದೊಡ್ಡ ಜಾತ್ರೆ, ಅಂದು ಶಿಲ್ಪ ನೋಡುವ ಆಸೆ ಬಿಟ್ಟು ಬತ್ತಾಸು ಮತ್ತು ಗಿರಗಟ್ಟಲೆಗೆ ಹೋಗುವುದಾದರೆ ಸರಿ. ಬೆಳಿಗ್ಗೆ ಎಂಟಕ್ಕೆ ಗುಡಿಯಲ್ಲಿದ್ದರೆ ಬಿಸಿಲೇರುವ ಮುನ್ನ ಮುಗಿಯುತ್ತದೆ. ಬೇಸಿಗೆಯಲ್ಲಿ ಹನ್ನೊಂದರ ನಂತರ ಕಪ್ಪು ಕಲ್ಲಿನ ಮೇಲೆ ಬರಿಗಾಲಿಡಲಾಗದು, ಮಕ್ಕಳಿಗೆ ಹಳೆಯ ಕಾಲುಚೀಲ ಚೀಲದಲ್ಲಿರಲಿ. ಮುಂಬಯಿಯಿಂದ ಬೆಳಿಗ್ಗೆ ಈ ಕಡೆ ಬರುವ ಗಾಡಿಗಳು ಖಾಲಿ ಇರುತ್ತವೆ, ಕಿಟಕಿ ಸೀಟು ಸಿಗುತ್ತದೆ. ಮಧ್ಯಾಹ್ನವೇ ಹಿಂತಿರುಗಿ, ಆಫೀಸು ಬಿಡುವ ಹೊತ್ತಿನ ಕಲ್ಯಾಣ ಸ್ಟೇಷನ್ನಿನ ಸೇತುವೆ ಮಂಡಿನೋವಿನವರಿಗೆ ಆಗುವುದಿಲ್ಲ. ತಿಂಡಿಗೆ ಸ್ಟೇಷನ್ ಸುತ್ತ ವಡಾಪಾವ್, ಮಿಸಳ್ ಎರಡೂ ಚೆನ್ನಾಗಿ ಸಿಗುತ್ತವೆ. ನಮ್ಮ ಕರಾವಳಿಯವರ ಇಡ್ಲಿ ಹೋಟೆಲು ಇಲ್ಲದ ಸ್ಟೇಷನ್ ಈ ಲೈನಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಎರಡನೆಯ ದಿನವೂ ರಜೆಯಿದ್ದರೆ ಅದೇ ಕರ್ಜತ್ ಗಾಡಿಯಲ್ಲಿ ಮುಂದೆ ನೇರಳ್‌ಗೆ ಹೋಗಿ. ಅಲ್ಲಿಂದ ಮಾಥೇರಾನ್ ಬೆಟ್ಟಕ್ಕೆ 1907ರಲ್ಲಿ ಶುರುವಾದ ಎರಡಡಿ ಅಗಲದ ಹಳಿಯ ಪುಟ್ಟ ರೈಲು. 21 ಕಿಲೋಮೀಟರ್ ದಾರಿಯನ್ನು ಎರಡು ಗಂಟೆಗೂ ಹೆಚ್ಚು ಹೊತ್ತು ತೆವಳುತ್ತದೆ. ಮಳೆಗಾಲದಲ್ಲಿ ನೇರಳ್‌ನಿಂದ ಹೊರಡುವುದಿಲ್ಲ. ಮೇಲೆ ಅಮನ್ ಲಾಜ್‌ನಿಂದ ಮಾಥೇರಾನ್‌ವರೆಗಿನ ತುಂಡು ದಾರಿಯಲ್ಲಿ ಮಾತ್ರ ಓಡುತ್ತದೆ. ನಮ್ಮನೆಯವರ ಸರದಿ ದೀಪಾವಳಿ ಆದಮೇಲೆ. ಅವ್ವ ಆಗ ಮತ್ತೆ ಬರುತ್ತಾರಂತೆ, ಟಿಕೆಟ್ ಅವರೇ ಅಪ್ಪನ ಕೈಲಿ ಮಾಡಿಸಿದ್ದಾರೆ.